ಅರ್ಜುನದ ಚಕ್ಕೆ ಅಂತ ಕಟ್ಟಿಕೊಡೋದೆಲ್ಲ ಹೊಳೆಮತ್ತಿನಾ? ಅಸಲಿ ಮರ ಗುರುತಿಸೋದು ಹೀಗೆ

ಮಂಡ್ಯ: ಎದೆ ಹಿಡಿದಂಗಾಯ್ತು ಅಂತ ಯಾರಾದ್ರೂ ಅಂದ್ರೆ ಸಾಕು, ಪಕ್ಕದಲ್ಲಿ ಕೂತೋರು ಮೊದಲು ಹೇಳೋದು ‘ಗ್ಯಾಸ್ ಇರ್ಬೇಕು, ಸೋಡಾ ಕುಡಿ’. ಎರಡನೇ ಮಾತು ‘ಅರ್ಜುನದ ಚಕ್ಕೆ ತಂದು ಕಷಾಯ ಮಾಡ್ಕೊಂಡು ಕುಡಿ, ಬ್ಲಾಕೇಜೆಲ್ಲ ಕರಗೋಯ್ತದೆ’. 2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಬೆಳಗಿನಿಂದಲೇ ಜನ ಸಾಲು ನಿಂತರು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಅಂತ ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು. ಆದರೆ ಭಯ ಅನ್ನೋದು ವರದಿ ಓದಿ ಹೋಗೋದಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಗ್ರಂಧಿಗೆ ಅಂಗಡಿಗೆ ಬಂದು ‘ಅಣ್ಣ, ಅರ್ಜುನದ ಚಕ್ಕೆ ಐತಾ?’ ಅಂತ ಕೇಳೋರು ಜಾಸ್ತಿಯಾಗ್ತಾರೆ.

ಕೇಳೋರಿಗೂ ಕೊಡೋರಿಗೂ ಎಷ್ಟೋ ಸಲ ಆ ಚಕ್ಕೆ ಯಾವ ಮರದ್ದು ಅನ್ನೋದೇ ಗೊತ್ತಿರಲ್ಲ. ಅರ್ಜುನ ಅಂದ್ರೆ ಉತ್ತರದ ಕಡೆಯ ಯಾವುದೋ ಮರ ಅಂದುಕೊಂಡವರೂ ಇದಾರೆ. ಅದು ನಮ್ಮ ಕಾವೇರಿ ದಡದಲ್ಲೇ, ಮುತ್ತತ್ತಿ ಹೊಳೆಯಂಚಿನಲ್ಲೇ ಸಾಲಾಗಿ ನಿಂತಿರೋ ಹೊಳೆಮತ್ತಿ. ಶನಿವಾರ ಮುತ್ತೆತ್ತರಾಯನ ದರ್ಶನಕ್ಕೆ ಹೋಗಿ, ನೆರಳಲ್ಲಿ ಚಾಪೆ ಹಾಕಿ ಊಟ ಮಾಡಿ ಬಂದವರಲ್ಲಿ ಬಹಳ ಜನ ಆ ಮರದ ಬೇರಿಗೇ ಒರಗಿ ಕೂತಿರ್ತಾರೆ.

ಹೆಸರಲ್ಲೇ ಅರ್ಧ ಗೊಂದಲ

ಹೊಳೆಮತ್ತಿ, ತೊರೆಮತ್ತಿ, ನೀರುಮತ್ತಿ, ಬಿಳಿಮತ್ತಿ – ಇಷ್ಟೂ ಒಂದೇ ಮರದ ಹೆಸರು. ಸಂಸ್ಕೃತದಲ್ಲಿ ಅರ್ಜುನ, ಪಾರ್ಥ, ಕಕುಭ. ತಮಿಳರಿಗೆ ನೀರ್ ಮರುದು, ತೆಲುಗರಿಗೆ ತೆಲ್ಲ ಮದ್ದಿ. ಸಸ್ಯಶಾಸ್ತ್ರದ ಹೆಸರು ಟರ್ಮಿನಾಲಿಯ ಅರ್ಜುನ. ಅಳಲೆಕಾಯಿ, ತಾರೆಕಾಯಿ ಮರಗಳೂ ಇದೇ ಟರ್ಮಿನಾಲಿಯ ಕುಲದವು. ಶಾಲೆ ಮೈದಾನದಲ್ಲಿ ಕೆಂಪು ಎಲೆ ಉದುರಿಸಿಕೊಂಡು ನಿಂತಿರುತ್ತಲ್ಲ, ಕಾಡು ಬಾದಾಮಿ ಮರ, ಅದೂ ಇವರ ದಾಯಾದಿಯೇ.

‘ಅರ್ಜುನ’ ಅಂದ್ರೆ ಬಿಳುಪು, ಹೊಳೆಯುವಂಥದ್ದು ಅಂತ ಅರ್ಥ. ಪಾಂಡವರ ಅರ್ಜುನ ನೆಟ್ಟ ಮರ ಅಂತ ಕೆಲವರು ಕತೆ ಕಟ್ಟುತ್ತಾರೆ, ಅದೇನೂ ಬೇಕಾಗಿಲ್ಲ. ಮರದ ಮೈ ಬಿಳಿ, ಅದಕ್ಕೆ ಆ ಹೆಸರು. ಯಶೋದೆ ಒರಳಿಗೆ ಕಟ್ಟಿಹಾಕಿದ ಕೃಷ್ಣ, ಒರಳನ್ನು ಎಳಕೊಂಡು ಎರಡು ಮರಗಳ ಮಧ್ಯೆ ನುಗ್ಗಿ ಬುಡಮೇಲು ಮಾಡಿದ ಕತೆ ಎಲ್ಲರಿಗೂ ಗೊತ್ತು. ಶಾಪ ಕಳೆದು ಅದರೊಳಗಿಂದ ಎದ್ದವರು ಕುಬೇರನ ಮಕ್ಕಳಾದ ನಳಕೂಬರ, ಮಣಿಗ್ರೀವರು. ಆ ‘ಯಮಳಾರ್ಜುನ’ ಅಂದರೆ ಅವಳಿ ಮತ್ತಿ ಮರಗಳೇ. ಇದೇ ಕಾವೇರಿಯ ಕೆಳಭಾಗದಲ್ಲಿ, ತಮಿಳುನಾಡಿನ ತಿರುವಿಡೈಮರುದೂರಿನ ಶಿವ ದೇವಸ್ಥಾನಕ್ಕೆ ಸ್ಥಳವೃಕ್ಷ ಕೂಡ ಈ ಮರವೇ. ಊರಿನ ಹೆಸರಲ್ಲೇ ‘ಮರುದು’ ಇದೆ.

ಇನ್ನು ಅತ್ತಿ ಬೇರೆ, ಮತ್ತಿ ಬೇರೆ. ಅತ್ತಿ ಅಂದ್ರೆ ಕಾಂಡದ ಮೇಲೇ ಗೊಂಚಲು ಗೊಂಚಲು ಹಣ್ಣು ಬಿಡೋ, ಔದುಂಬರ ಅಂತ ಪೂಜೆ ಮಾಡೋ ಮರ. ಮಾತಿನ ಭರದಲ್ಲಿ ಒಂದಕ್ಕೊಂದು ಬೆರೆತು, ಅತ್ತಿ ಚಕ್ಕೆ ತಂದು ಮತ್ತಿ ಅಂದುಕೊಳ್ಳೋದೂ ಉಂಟು.

ನಿಜವಾದ ತಲೆನೋವು ಇರೋದು ಕರಿಮತ್ತಿ ವಿಚಾರದಲ್ಲಿ. ಅದೂ ಮತ್ತಿಯೇ, ಅದೂ ಟರ್ಮಿನಾಲಿಯವೇ, ಅದರ ಕಾಯಿಗೂ ಐದು ರೆಕ್ಕೆ. ಆದರೆ ಆಯುರ್ವೇದದ ಹೃದಯದ ಔಷಧಿಗೆ ಹೇಳಿರೋ ಅರ್ಜುನ ಅದಲ್ಲ. ಅರ್ಜುನ ಚಕ್ಕೆಯ ಹೆಸರಿನಲ್ಲಿ ಕರಿಮತ್ತಿ ಮತ್ತು ಅದೇ ಕುಲದ ಬೇರೆ ಮರಗಳ ತೊಗಟೆ ಮಾರುಕಟ್ಟೆಯಲ್ಲಿ ಬೆರೆಯೋದು ಗಿಡಮೂಲಿಕೆ ಪರೀಕ್ಷೆ ಮಾಡೋರಿಗೆ ಹಳೇ ವಿಷಯ. ಬೇಕಂತಲೇ ಬೆರೆಸೋರು ಒಂದು ಕಡೆ. ‘ಮತ್ತಿ ಚಕ್ಕೆ ತಗೊಂಬಾ’ ಅಂದಾಗ ಹತ್ತಿರದಲ್ಲಿ ಸಿಕ್ಕ ಮತ್ತಿಯನ್ನು ಕಡಿದು ತರೋರು ಇನ್ನೊಂದು ಕಡೆ. ಎರಡನೆಯವರಿಗೆ ಮೋಸ ಮಾಡೋ ಉದ್ದೇಶ ಇರಲ್ಲ, ಆದರೆ ಪೊಟ್ಟಣದೊಳಗೆ ಬಂದು ಕೂರೋದು ಅದೇ.

ಮೈ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ

ಮರದ ಹತ್ತಿರ ನಿಂತರೆ ಹೊಳೆಮತ್ತಿಯನ್ನೂ ಕರಿಮತ್ತಿಯನ್ನೂ ಬೇರೆ ಮಾಡೋಕೆ ದೊಡ್ಡ ವಿದ್ಯೆಯೇನೂ ಬೇಡ. ಹೊಳೆಮತ್ತಿಯ ಮೈ ನುಣುಪು. ಬೂದು ಬಿಳುಪು, ಅಲ್ಲಲ್ಲಿ ತಿಳಿ ಗುಲಾಬಿ, ತಿಳಿ ಹಸಿರು ಛಾಯೆ. ವಯಸ್ಸಾದ ತೊಗಟೆ ತೆಳ್ಳಗೆ, ಅಂಕುಡೊಂಕಾದ ಅಗಲ ಹಾಳೆಗಳಾಗಿ ತಾನೇ ಕಳಚಿ ಬೀಳುತ್ತೆ. ಮನೆ ಹಿತ್ತಲಲ್ಲಿ ಹಳೇ ಸೀಬೆ ಮರ ಇದ್ದರೆ ಅದರ ಮೈ ನೆನಪು ಮಾಡ್ಕೊಳ್ಳಿ. ಅದನ್ನೇ ನೂರು ಪಾಲು ದೊಡ್ಡದು ಮಾಡಿದಂಗೆ. ಕಳಚಿದ ಜಾಗದಲ್ಲಿ ಹೊಸ ಮೈ ಇನ್ನೂ ಬೆಳ್ಳಗೆ ಕಾಣುತ್ತೆ.

ಕರಿಮತ್ತಿ ಇದಕ್ಕೆ ಪೂರ್ತಿ ಉಲ್ಟಾ. ಕಪ್ಪು, ಇಲ್ಲಾ ಕಡು ಬೂದು. ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರುಕು ಬಿಟ್ಟು ಚೌಕ ಚೌಕವಾಗಿ ಎದ್ದಿರುತ್ತೆ. ಮೊಸಳೆ ಬೆನ್ನು ನೋಡಿದ ಹಾಗೆ. ಅದಕ್ಕೇ ‘ಮೊಸಳೆ ತೊಗಟೆ ಮರ’ ಅಂತಲೂ ಕರೀತಾರೆ. ಕೈಯಲ್ಲಿ ಸವರಿದರೆ ಉಜ್ಜುಗಲ್ಲಿನ ಥರ ಒರಟು.

ನಿಂತ ಜಾಗವೂ ಅರ್ಧ ಉತ್ತರ ಹೇಳುತ್ತೆ. ಹೊಳೆಮತ್ತಿಗೆ ನೀರಿನ ಸಂಗ ಬೇಕು. ಕಾವೇರಿ ದಡ, ಹಳ್ಳ, ತೊರೆ, ಕೆರೆಯ ಹಿನ್ನೀರು, ಬೇರು ನೀರಿಗೆ ಚಾಚೋ ಕಡೆ ಅದು ಖುಷಿಯಾಗಿರುತ್ತೆ. ಪ್ರವಾಹ ಬಂದು ನಾಲ್ಕು ದಿನ ಬುಡ ಮುಳುಗಿದರೂ ಅಲ್ಲಾಡಲ್ಲ. ಶ್ರೀರಂಗಪಟ್ಟಣದ ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಕೊಕ್ಕರೆ ಕೂತಿರೋ ಮರಗಳಲ್ಲೂ ಹೊಳೆಮತ್ತಿ ಇದೆ. ಮುತ್ತತ್ತಿ, ಭೀಮೇಶ್ವರಿ, ಆಚೆ ಕನಕಪುರ ಕಡೆಯ ಸಂಗಮದವರೆಗೂ ದಡದ ದೊಡ್ಡ ಮರಗಳಲ್ಲಿ ಮುಖ್ಯವಾದದ್ದು ಅದೇ. ಕರಿಮತ್ತಿ ಒಣ ಗುಡ್ಡ, ಎಲೆ ಉದುರೋ ಕಾಡಿನ ಮರ. ಬಂಡೀಪುರ, ನಾಗರಹೊಳೆ ಕಡೆ ತೇಗ, ದಿಂಡಲು, ಹೊನ್ನೆ ಜೊತೆಗೆ ಬೆಳೆದಿರುತ್ತೆ. ಹಳೇ ಮನೆಗಳ ತೊಲೆ, ಬಾಗಿಲಿಗೆ ‘ಮತ್ತಿ ಮರದ್ದು’ ಅಂತ ಹೇಳ್ತಾರಲ್ಲ, ಅದು ಬಹುಪಾಲು ಈ ಕರಿಮತ್ತಿ.

ಇಲ್ಲೊಂದು ತಮಾಷೆ. 2024ರಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಮರವೊಂದಕ್ಕೆ ಕಚ್ಚು ಹಾಕಿದಾಗ ಕೊಳಾಯಿ ಬಿಟ್ಟಂಗೆ ನೀರು ಚಿಮ್ಮಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದನ್ನು ನೋಡಿ ‘ನೀರುಮತ್ತಿ ಅಂದ್ರೆ ಇದೇ’ ಅಂದುಬಿಟ್ಟವರು ಇದ್ದಾರೆ. ಆದರೆ ಆ ಮರ ಕರಿಮತ್ತಿ. ಬೇಸಿಗೆಗೆ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳೋದು ಒಣ ಕಾಡಲ್ಲಿರೋ ಕರಿಮತ್ತಿ. ನೀರಿನ ಪಕ್ಕದಲ್ಲೇ ಇರೋ ನೀರುಮತ್ತಿಗೆ ಆ ಕಷ್ಟ ಇಲ್ಲ. ಹೆಸರು ನಂಬಿ ಹೋದರೆ ಹಿಂಗಾಗುತ್ತೆ.

ಎಲೆ ನೋಡಿ ತೀರ್ಮಾನ ಮಾಡೋದು ಸ್ವಲ್ಪ ಕಷ್ಟ. ಹೊಳೆಮತ್ತಿ ಎಲೆ ಗೇಣಿಗಿಂತ ಚಿಕ್ಕದು, ಸುಮಾರು 10ರಿಂದ 15 ಸೆಂಟಿಮೀಟರ್ ಉದ್ದ, ನೀಳ. ಕಡ್ಡಿಯಲ್ಲಿ ಹೆಚ್ಚುಕಡಿಮೆ ಎದುರುಬದುರಾಗಿ ಇರುತ್ತೆ. ಎಲೆ ತೊಟ್ಟು ಸೇರೋ ಜಾಗದಲ್ಲಿ ಸಾಸಿವೆಯಷ್ಟು ಎರಡು ಗಂಟು ಇರುತ್ತೆ. ಈ ‘ಎರಡು ಗಂಟು’ ಇದ್ದರೆ ಅಸಲಿ ಅರ್ಜುನ ಅಂತ ಕೆಲವು ವಿಡಿಯೋಗಳಲ್ಲಿ ಹೇಳ್ತಾರೆ. ಅದು ಸಾಲದು. ಕರಿಮತ್ತಿ ಎಲೆಯ ತಳದಲ್ಲೂ ಅಂಥದ್ದೇ ಗಂಟು ಬರುತ್ತೆ. ಗಂಟಿಗಿಂತ ಚಿಗುರು ನೋಡೋದು ವಾಸಿ. ಕರಿಮತ್ತಿಯ ಎಳೆ ಎಲೆಗೆ ಮೃದು ರೋಮ ಇರುತ್ತೆ, ಹೊಳೆಮತ್ತಿಯದು ನುಣುಪು.

ಹೂ ಬಿಡೋದು ಬೇಸಿಗೆಯಲ್ಲಿ, ಯುಗಾದಿ ಕಳೆದ ಮೇಲೆ ಮುಂಗಾರು ಹಿಡಿಯೋವರೆಗೆ. ಸಣ್ಣ ಸಣ್ಣ ಹೂ, ಮಾಸಲು ಬಿಳಿ, ತೆನೆಯಂಗೆ. ದಳವೇ ಇಲ್ಲದ ಹೂವು. ದೂರದಿಂದ ನೋಡಿದರೆ ಹೂ ಬಿಟ್ಟಿದೆ ಅಂತಲೂ ಗೊತ್ತಾಗಲ್ಲ, ಜೇನ್ನೊಣದ ಸದ್ದು ಕೇಳಿಸಿದರೆ ತಲೆಯೆತ್ತಬೇಕು.

ಕಾಯಿ ಮಾತ್ರ ಪಕ್ಕಾ ಸಾಕ್ಷಿ. ಎರಡೂವರೆಯಿಂದ ಐದು ಸೆಂಟಿಮೀಟರ್ ಉದ್ದ, ಕಟ್ಟಿಗೆಯಷ್ಟು ಗಟ್ಟಿ, ಉದ್ದಕ್ಕೂ ಐದು ರೆಕ್ಕೆ. ಅಡ್ಡ ಕುಯ್ದರೆ ನಕ್ಷತ್ರದ ಆಕಾರ. ಅಲ್ಲೊಂದು ಇಲ್ಲೊಂದರಲ್ಲಿ ಆರೇಳು ರೆಕ್ಕೆಯೂ ಇರುತ್ತೆ. ಒಂದು ಕಾಯಿ ಎತ್ತಿಕೊಂಡು ರೆಕ್ಕೆ ಮೇಲಿನ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಳೆಮತ್ತಿಯಲ್ಲಿ ರೆಕ್ಕೆ ಕಿರಿದು, ಗೆರೆಗಳು ಮೇಲ್ಮುಖವಾಗಿ ಬಾಗಿ ಹೋಗಿರುತ್ತವೆ. ಕರಿಮತ್ತಿಯಲ್ಲಿ ರೆಕ್ಕೆ ಅಗಲ, ಗೆರೆ ಮಧ್ಯದಿಂದ ಅಂಚಿಗೆ ನೆಟ್ಟಗೆ ಹೋಗಿರುತ್ತೆ. ಬೇಸಿಗೆಯಲ್ಲಿ ಮರದ ಬುಡದಲ್ಲಿ ಒಣಗಿದ ಕಾಯಿ ರಾಶಿ ಬಿದ್ದಿರುತ್ತೆ, ಹುಡುಕೋ ಕಷ್ಟವೂ ಇಲ್ಲ.

ಮೈ ನುಣುಪಾಗಿ ಸಿಪ್ಪೆ ಬಿಡೋದೆಲ್ಲ ಹೊಳೆಮತ್ತಿಯೂ ಅಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಬೇಕು. ನೀಲಗಿರಿ ಸಿಪ್ಪೆ ಬಿಡುತ್ತೆ, ಆದರೆ ಅದು ಉದ್ದುದ್ದ ಪಟ್ಟಿ, ಎಲೆ ಹಿಸುಕಿದರೆ ವಾಸನೆಯೇ ಹೇಳುತ್ತೆ. ಮಲೆನಾಡಿನ ಅಂಚಿನಲ್ಲಿ ಸಿಗೋ ನಂದಿ ಮರದ ಮೈಯೂ ಬೆಳ್ಳಗೆ ನುಣುಪು. ಅದರ ಕಾಯಿಗೆ ರೆಕ್ಕೆ ಇರಲ್ಲ. ಅನುಮಾನ ಬಂದರೆ ಕಾಯಿ ಹುಡುಕಿ ಅಂತ ಹೇಳೋದು ಅದಕ್ಕೇ.

ಅಂಗಡಿಯಲ್ಲಿ ಮರ ಇರಲ್ಲ, ಚಕ್ಕೆ ಅಷ್ಟೇ

ಗ್ರಂಧಿಗೆ ಅಂಗಡಿಯವರಿಗೆ ಮರ ತೋರಿಸೋರು ಯಾರು? ಮೂಟೆಯಲ್ಲಿ ಬರೋದು ಕತ್ತರಿಸಿದ ಚಕ್ಕೆ. ಅಸಲಿ ಅರ್ಜುನದ ಚಕ್ಕೆ ಚಪ್ಪಟೆಯಾಗಿ, ಇಲ್ಲಾ ಒಣಗಿ ದೋಣಿಯಂಗೆ ಸ್ವಲ್ಪ ಬಾಗಿರುತ್ತೆ. ಎರಡು ಮಿಲಿಮೀಟರಿನಿಂದ ಒಂದೂವರೆ ಸೆಂಟಿಮೀಟರ್‌ವರೆಗೂ ದಪ್ಪ ಇರಬಹುದು. ಹೊರಮೈ ಬೂದು, ಹೆಚ್ಚುಕಡಿಮೆ ನುಣುಪು. ಒಳಮೈ ನಾರುನಾರಾಗಿ, ಗುಲಾಬಿ ಮಿಶ್ರಿತ ಕಂದು. ಅಡ್ಡಕ್ಕೆ ಚಾಕುವಿನಲ್ಲಿ ನುಣ್ಣಗೆ ಕುಯ್ದರೆ ಆ ಗುಲಾಬಿ ಛಾಯೆ ಚೆನ್ನಾಗಿ ಕಾಣುತ್ತೆ. ನಾಲಿಗೆಗೆ ಒಗರು, ಜೊತೆಗೆ ಕಹಿ. ಹೊರಮೈಯಲ್ಲೇ ಆಳದ ಬಿರುಕು, ಕಪ್ಪು ಗಡ್ಡೆ ಗಡ್ಡೆ ಕಂಡರೆ ಅದು ಬೇರೆ ಮಾಲು ಅಂತ ಅನುಮಾನ ಪಡಬೇಕು.

ಬರೀ ಒಗರು ನೋಡಿ ಮೋಸ ಹೋಗಬಾರದು. ಮತ್ತಿ ಜಾತಿಯ ತೊಗಟೆಗಳೆಲ್ಲದರಲ್ಲೂ ಟ್ಯಾನಿನ್ ಇರುತ್ತೆ, ಎಲ್ಲವೂ ಒಗರೇ. ಚರ್ಮ ಹದ ಮಾಡೋಕೆ ಈ ತೊಗಟೆಗಳನ್ನು ಬಳಸುತ್ತಿದ್ದದ್ದೂ ಅದಕ್ಕೇ.

ಪುಡಿಯಾಯ್ತು ಅಂದ್ರೆ ಕತೆ ಮುಗೀತು. ಪುಡಿ ನೋಡಿ ಇದು ಅರ್ಜುನ, ಇದು ಕರಿಮತ್ತಿ ಅಂತ ಬರಿಗಣ್ಣಲ್ಲಿ ಹೇಳೋಕೆ ಯಾರಿಂದಲೂ ಆಗಲ್ಲ. ಮೈಕ್ರೋಸ್ಕೋಪು, ಲ್ಯಾಬು ಬೇಕು. ಅದಕ್ಕೇ ಬಿಡಿ ಪುಡಿಗಿಂತ ಚಕ್ಕೆ ತಗೊಂಡು ಮನೆಯಲ್ಲಿ ಕುಟ್ಟಿಕೊಳ್ಳೋದು ಎಷ್ಟೋ ವಾಸಿ. ಪ್ಯಾಕೆಟ್ಟಿನಲ್ಲಿ ಔಷಧಿ ಅಂತ ಬರೋ ಚೂರ್ಣ, ಅರಿಷ್ಟ ಆದರೆ ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇದೆಯಾ ಅಂತ ನೋಡಬೇಕು.

ಅಂಗಡಿಯವರು ಮಾಡಬಹುದಾದ ಸುಲಭದ ಕೆಲಸ ಒಂದಿದೆ. ಹೋಲ್‌ಸೇಲ್‌ನವರ ಹತ್ತಿರ ಬಿಲ್ಲಿನಲ್ಲಿ ‘ಅರ್ಜುನ ಚಾಲ್’ ಅಂತ ಬರೆಸಿಕೊಳ್ಳೋ ಬದಲು ‘ಟರ್ಮಿನಾಲಿಯ ಅರ್ಜುನ, ಕಾಂಡದ ತೊಗಟೆ’ ಅಂತ ಬರೆಸಿಕೊಳ್ಳೋದು. ನಾಳೆ ಯಾರಾದ್ರೂ ಮಾಲಿನ ಬಗ್ಗೆ ತಕರಾರು ತೆಗೆದರೆ ಕೈಯಲ್ಲಿ ಒಂದು ಕಾಗದ ಇರುತ್ತೆ.

ಇನ್ನೊಂದು ವಿಷಯ ಅಂಗಡಿಯವರಿಗೆ ಗೊತ್ತಿರಲೇಬೇಕು. ‘ಹಾರ್ಟ್ ಬ್ಲಾಕೇಜ್ ಗ್ಯಾರಂಟಿ ವಾಸಿ’, ‘ಬಿ.ಪಿ.ಗೆ ರಾಮಬಾಣ’ ಅಂತ ಬೋರ್ಡು ಬರೆಸೋದು, ವಾಟ್ಸಾಪ್ ಸ್ಟೇಟಸ್ ಹಾಕೋದು ಹುಡುಗಾಟ ಅಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಹೃದ್ರೋಗವೂ ಇದೆ, ರಕ್ತದೊತ್ತಡವೂ ಇದೆ. ಇವನ್ನು ವಾಸಿ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋ ಹಾಗಿಲ್ಲ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲವೇ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ.

ಹೃದಯಕ್ಕೆ ನಿಜವಾಗ್ಲೂ ಒಳ್ಳೇದಾ?

ಸುಮ್ಮನೆ ಹುಟ್ಟಿದ ನಂಬಿಕೆಯಂತೂ ಅಲ್ಲ. ಅಷ್ಟಾಂಗ ಹೃದಯದ ವಾಗ್ಭಟ ಹೃದಯದ ತೊಂದರೆಗೆ ಅರ್ಜುನವನ್ನು ಹೇಳಿದ ಮೊದಲಿಗರಲ್ಲಿ ಒಬ್ಬ ಅಂತ ಹೇಳ್ತಾರೆ. ಅವನ ಕಾಲ ಸುಮಾರು 7ನೇ ಶತಮಾನ. 11ನೇ ಶತಮಾನದ ಚಕ್ರಪಾಣಿದತ್ತ ಹಾಲು, ತುಪ್ಪ, ಬೆಲ್ಲದ ನೀರಿನ ಜೊತೆ ಕೊಡೋ ವಿಧಾನ ಬರೆದಿದ್ದಾನೆ. ಇವತ್ತಿಗೂ ವೈದ್ಯರು ಹೇಳೋ ‘ಕ್ಷೀರಪಾಕ’ ಅಂದರೆ ಒಂದು ಪಾಲು ಚಕ್ಕೆ ಪುಡಿಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು ಹಾಕಿ, ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯೋವರೆಗೆ ಸಣ್ಣ ಉರಿಯಲ್ಲಿ ಕಾಯಿಸೋದು. ಒಗರು ತೊಗಟೆಯನ್ನು ಬರೀ ನೀರಲ್ಲಿ ಕುದಿಸಿ ಕುಡಿದರೆ ಹೊಟ್ಟೆ ಹಿಡಿಯುತ್ತೆ, ಮಲಬದ್ಧತೆ ಆಗುತ್ತೆ. ಹಾಲು ಸೇರಿಸೋದರ ಹಿಂದೆ ಆ ತಿಳಿವಳಿಕೆಯೂ ಇದೆ. ಅಂಗಡಿಯಲ್ಲಿ ಸಿಗೋ ಅರ್ಜುನಾರಿಷ್ಟ, ಪಾರ್ಥಾದ್ಯರಿಷ್ಟ ಎರಡೂ ಒಂದೇ. ಅದರಲ್ಲಿ ತೊಗಟೆ ಜೊತೆ ಒಣದ್ರಾಕ್ಷಿ, ಇಪ್ಪೆ ಹೂ, ಧಾತಕಿ ಹೂ, ಬೆಲ್ಲ ಇರುತ್ತೆ. ಬೆಲ್ಲ ಇದೆ ಅನ್ನೋದನ್ನು ಸಕ್ಕರೆ ಕಾಯಿಲೆಯವರು ಗಮನಿಸಬೇಕು. ಅರಿಷ್ಟ ಅಂದಮೇಲೆ ಹುದುಗು ಬಂದಿರುತ್ತೆ, ತಾನಾಗಿ ಹುಟ್ಟಿದ ಸ್ವಲ್ಪ ಮದ್ಯಾಂಶವೂ ಇರುತ್ತೆ.

ಆಧುನಿಕ ವೈದ್ಯರೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮಾತ್ರೆಗಳಿಗೂ ಬಗ್ಗದ ತೀವ್ರ ಹೃದಯ ವೈಫಲ್ಯದ ರೋಗಿಗಳಿಗೆ ಅರ್ಜುನದಿಂದ ಉಪಯೋಗ ಆಯ್ತು ಅಂತ ಹೇಳಿತು. ಆದರೆ ಅದರಲ್ಲಿದ್ದ ರೋಗಿಗಳು ಬರೀ 12 ಮಂದಿ. ಮುಂದೆ ದೆಹಲಿಯ ಏಮ್ಸ್ ವೈದ್ಯರು 100 ರೋಗಿಗಳ ಮೇಲೆ, ಯಾರಿಗೆ ಅರ್ಜುನ, ಯಾರಿಗೆ ಬರೀ ಉಪ್ಪರಿಗೆ ಮಾತ್ರೆ ಅನ್ನೋದು ಕೊಡೋರಿಗೂ ತಗೊಳ್ಳೋರಿಗೂ ಗೊತ್ತಾಗದ ಹಾಗೆ, 12 ವಾರ ಪರೀಕ್ಷೆ ಮಾಡಿದರು. 2016ರಲ್ಲಿ ಅದರ ಫಲಿತಾಂಶ ಬಂತು. ಹೃದಯ ರಕ್ತ ಒತ್ತೋ ಶಕ್ತಿ ಅದರಿಂದ ಹೆಚ್ಚಾಗಿರಲಿಲ್ಲ. ಕೆಲವರಿಗೆ ಸುಸ್ತು, ನಡೆದಾಡೋದರಲ್ಲಿ ಸ್ವಲ್ಪ ಹಗುರ ಅನ್ನಿಸಿತ್ತು, ಅಷ್ಟೇ. ಇನ್ನು ‘ರಕ್ತನಾಳದ ಬ್ಲಾಕ್ ಕರಗಿ ಸ್ಟೆಂಟೇ ಬೇಡ’ ಅನ್ನೋ ಫಾರ್ವರ್ಡು ಮೆಸೇಜಿಗೆ ಆಧಾರವೇ ಇಲ್ಲ.

ಅಂದರೆ ಇದು ವೈದ್ಯರ ಸಲಹೆಯ ಮೇಲೆ ಜೊತೆಗೆ ತಗೊಳ್ಳಬಹುದಾದ ಔಷಧಿ. ಮಾತ್ರೆ ಬಿಟ್ಟು ಇದನ್ನೇ ನಂಬಿ ಕೂರೋಕಲ್ಲ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡೋ ಮಾತ್ರೆಯನ್ನು ‘ಕಷಾಯ ಕುಡೀತಿದೀನಲ್ಲ’ ಅಂತ ನಿಲ್ಲಿಸಿದರೆ ಸ್ಟೆಂಟೊಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಪ್ರಾಣಕ್ಕೇ ಸಂಚಕಾರ. ಬಿ.ಪಿ. ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ತಿನ್ನೋರು, ಬಸುರಿಯರು, ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡವರು ಕಷಾಯ ಶುರು ಮಾಡೋಕೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ‘ಬೈತಾರೆ’ ಅಂತ ಮುಚ್ಚಿಡೋದೇ ಹೆಚ್ಚು, ಅಲ್ಲೇ ಯಡವಟ್ಟಾಗೋದು.

ಎದೆನೋವು ಬಂದ ಹೊತ್ತಲ್ಲಂತೂ ಕಷಾಯದ ಪಾತ್ರೆ ಒಲೆ ಮೇಲಿಡೋ ಪ್ರಶ್ನೆಯೇ ಇಲ್ಲ. ಎದೆ ಮಧ್ಯೆ ಹಿಂಡಿದಂಗೆ ನೋವು, ಎಡತೋಳು ಇಲ್ಲಾ ದವಡೆಗೆ ಸೆಳೆತ, ಬೆವರು ಕಂಡರೆ ನೆಟ್ಟಗೆ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಅದು ಕೆಲಸ ಮಾಡೋದು ಮೊದಲ ಕೆಲವು ಗಂಟೆಗಳಲ್ಲಿ. ಕ್ಷೀರಪಾಕ ಇಂಗೋವಷ್ಟರಲ್ಲಿ ಆ ಹೊತ್ತು ಕಳೆದುಹೋಗುತ್ತೆ.

ಸುತ್ತಲೂ ಸುಲಿದರೆ ಮರ ಉಳಿಯಲ್ಲ

ಮರ ಗುರುತಿಸೋದು ಕಲಿತ ಮೇಲೆ ಮಚ್ಚು ಹಿಡಿದು ಹೊರಡೋರು ಇದನ್ನೂ ಓದಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ತೊಗಟೆಯ ಒಳಪದರದಿಂದ. ಕಾಂಡದ ಸುತ್ತ ಬಳೆಯಂಗೆ ತೊಗಟೆ ಎತ್ತಿದರೆ ಆ ದಾರಿಯೇ ಬಂದ್. ಬೇರು ಉಪವಾಸ ಬೀಳುತ್ತೆ. ಮರ ಅವತ್ತೇ ಸಾಯಲ್ಲ. ನೀರು ಮೇಲೇರೋದು ಒಳಗಿನ ಕಟ್ಟಿಗೆಯಿಂದ ಆದ್ದರಿಂದ ತಿಂಗಳುಗಟ್ಟಲೆ ಎಲೆ ಹಸಿರಾಗೇ ಇರುತ್ತೆ. ಸುಲಿದವನು ಮತ್ತೆ ಬಂದು ನೋಡಿ ‘ಏನೂ ಆಗಿಲ್ವಲ್ಲ’ ಅಂತ ಪಕ್ಕದ ಮರಕ್ಕೂ ಕೈ ಹಾಕ್ತಾನೆ. ಮುಂದಿನ ಬೇಸಿಗೆಗೋ ಅದರಾಚೆಗೋ ಮರ ತುದಿಯಿಂದ ಒಣಗಿಕೊಂಡು ಬರುತ್ತೆ, ಆಗ ಕಾರಣ ಯಾರಿಗೂ ನೆನಪಿರಲ್ಲ.

ಸ್ವಂತ ಜಮೀನಿನ ಮರ ಆದರೆ ಬಲಿತ ಕೊಂಬೆ ಅಥವಾ ಕಾಂಡದ ಒಂದು ಪಕ್ಕದಲ್ಲಿ ಮಾತ್ರ, ಉದ್ದುದ್ದಕ್ಕೆ ಕಿರಿದಾದ ಪಟ್ಟಿ ತೆಗೆಯಬೇಕು. ಒಳಗಿನ ತೆಳು ಪದರ ಕೆತ್ತಬಾರದು. ಅದು ಉಳಿದರೆ ತೊಗಟೆ ಮತ್ತೆ ತುಂಬಿಕೊಳ್ಳುತ್ತೆ. ತುಂಬಿಕೊಳ್ಳೋವರೆಗೆ ಇನ್ನೊಂದು ಪಕ್ಕ ಮುಟ್ಟಬಾರದು. ಮನೆ ಬಳಕೆಗೆ ಬೇಕಾಗೋದು ಅಂಗೈಯಗಲದ ತುಂಡು, ಅದಕ್ಕೆ ಮಚ್ಚು, ಕೊಡಲಿ ಎಲ್ಲ ಬೇಡ.

ಮುತ್ತತ್ತಿ, ಭೀಮೇಶ್ವರಿ ಕಡೆಯ ಮರಗಳ ವಿಚಾರ ಬೇರೆಯೇ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗಿಂದ ಅನುಮತಿ ಇಲ್ಲದೆ ಏನನ್ನೂ ಕೀಳೋ ಹಾಗಿಲ್ಲ, ತೊಗಟೆಯೂ ಅದರಲ್ಲೇ ಬಂತು. ಧಾಮದ ಹೊರಗಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದರಲ್ಲಿ ‘ಮರ ಕಡಿಯೋದು’ ಅಂದರೆ ಬುಡ ಕತ್ತರಿಸೋದು ಮಾತ್ರ ಅಲ್ಲ, ಸುತ್ತ ತೊಗಟೆ ಸುಲಿಯೋದೂ ಕಡಿದ ಲೆಕ್ಕವೇ.

ಆ ದಡದ ಹೊಳೆಮತ್ತಿಗಳ ಮೇಲೆ ಇನ್ನೊಂದು ಜೀವಿಯ ಮನೆ ಇದೆ. ಬೂದು ಬಣ್ಣದ ದೊಡ್ಡ ಅಳಿಲು. ಮಲೆನಾಡಿನ ಕೆಂಪು ದೊಡ್ಡ ಅಳಿಲಲ್ಲ, ಇದು ಬೇರೆ. ಇಡೀ ರಾಜ್ಯದಲ್ಲಿ ಇದು ಮುಖ್ಯವಾಗಿ ಕಾಣಸಿಗೋದು ಈ ಕಾವೇರಿ ಕಾಡಿನಲ್ಲೇ. ಒಂದು ಮರದ ಕೊಂಬೆಯಿಂದ ಇನ್ನೊಂದಕ್ಕೆ ನೆಗೆದೇ ಓಡಾಡೋ ಪ್ರಾಣಿ, ನೆಲಕ್ಕೆ ಇಳಿಯೋದು ಅಪರೂಪ. ಸಾಲಿನಲ್ಲಿ ನಾಲ್ಕು ಮರ ಒಣಗಿದರೆ ಅದರ ರಸ್ತೆ ಕಟ್ಟಾದ ಹಾಗೆ. ದಡದ ಮಣ್ಣು ಕೊಚ್ಚಿ ಹೋಗದಂತೆ ಹಿಡಿದಿರೋದೂ ಇದೇ ಮರದ ಬೇರು.

ಹೊಲದ ಬದುವಿನಲ್ಲಿ ನೀರು ಹರಿಯೋ ಕಡೆ ಇದ್ದರೆ ನೆಟ್ಟುಕೊಳ್ಳೋದು ಕಷ್ಟವೇನಲ್ಲ. ಬೇಸಿಗೆಯಲ್ಲಿ ಬಿದ್ದ ಹೊಸ ಕಾಯಿ ಆರಿಸಿ, ಎರಡು ಮೂರು ದಿನ ನೀರಲ್ಲಿ ನೆನೆಸಿ, ಪಾಕೀಟಿನಲ್ಲಿ ಹಾಕಿದರೆ ಮೊಳೆಯುತ್ತೆ. ಎಲ್ಲವೂ ಮೊಳೆಯಲ್ಲ, ಹತ್ತು ಬೇಕಾದರೆ ಇಪ್ಪತ್ತೈದು ಹಾಕಬೇಕು. ತೋಟದ ನಡುವೆ ಬೇಡ, ದೊಡ್ಡ ಮರವಾಗಿ ನೆರಳು ಮಾಡುತ್ತೆ. ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಕೇಳಿದರೆ ಸಸಿ ಸಿಗಬಹುದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಅಂದಹಾಗೆ ನಮ್ಮ ಕಡೆ ರೇಷ್ಮೆ ಅಂದ್ರೆ ಹಿಪ್ಪುನೇರಳೆ ಸೊಪ್ಪು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಟಸ್ಸಾರ್ ರೇಷ್ಮೆ ಹುಳ ಮೇಯೋದು ಇದೇ ಹೊಳೆಮತ್ತಿ, ಕರಿಮತ್ತಿ ಎಲೆ.

ಮರ, ಚಕ್ಕೆ ಎರಡೂ ಕೈಯಲ್ಲಿದ್ದೂ ಅನುಮಾನ ಇದ್ದರೆ ಎಲೆಯಿರುವ ಸಣ್ಣ ಕಡ್ಡಿ, ಒಂದೆರಡು ಕಾಯಿ, ತೊಗಟೆಯ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗಕ್ಕೆ ಹೋಗಿ ತೋರಿಸಬಹುದು. ಗಿಡಮೂಲಿಕೆ ಗುರುತು ಹಿಡಿಯೋದನ್ನು ಕಲಿಸೋ ವಿಭಾಗ ಅದು. ಮಂಡ್ಯದವರಿಗೆ ಹತ್ತಿರ ಅಂದರೆ ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು, 1908ರಿಂದಲೂ ಇರುವಂಥದ್ದು. ಪುಡಿ ತಗೊಂಡು ಹೋಗಬೇಡಿ, ಅಲ್ಲೂ ಮೊದಲು ಕೇಳೋದು ಎಲೆ, ಕಾಯಿ ಎಲ್ಲಿ ಅಂತಲೇ.